ಬಿಸಿಲು ಧಾರಾಳ, ಉತಾರ ದುರ್ಲಭ: ಬೆಟಗೇರಿಯ ಮಾಳಿಗೆಗೆ ಸೌರ ವಿದ್ಯುತ್ ಬಂದ ಬಗೆ

ಬೆಟಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ 3 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಘಟಕವನ್ನು ಹಾಕಿಸುವ ಕೆಲಸ 2025ರ ಬೇಸಿಗೆಯಲ್ಲಿ ಆರಂಭವಾಗಿ 2026ರ ಬೇಸಿಗೆ ಕಾಲಿಡುವ ಹೊತ್ತಿಗೆ ಮುಗಿಯಿತು. ಇಷ್ಟು ಕಾಲದಲ್ಲಿ ಮಾಳಿಗೆಯ ಮೇಲೆ ಕೆಲಸ ನಡೆದದ್ದು ಕೆಲವೇ ದಿನ. ಉಳಿದ ಸಮಯವೆಲ್ಲ ಮನೆಯ ಉತಾರ (ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಹೇಳುವ ದಾಖಲೆ), ಮೀಟರಿನ ಹೆಸರು, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಈ ನಾಲ್ಕೂ ಒಂದೇ ಮಾತು ಹೇಳುವಂತೆ ಮಾಡುವುದರಲ್ಲಿ ಹೋಯಿತು. ಗದಗ ಜಿಲ್ಲೆಯಲ್ಲಿ ಬಿಸಿಲಿಗೂ ಬರವಿಲ್ಲ, ಗಾಳಿಗೂ ಬರವಿಲ್ಲ. ಮುಂಡರಗಿಯ ದಾರಿಯಲ್ಲಿ ಡಂಬಳ ದಾಟಿದರೆ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. ಕಂಪನಿಗಳು ಗುಡ್ಡದ ಮೇಲೆ ವಿದ್ಯುತ್ ತಯಾರಿಸುವುದು ಸುಲಭವೋ ಕಷ್ಟವೋ ನಾನು ಅರಿಯೆ. ಆದರೆ ಸಾಮಾನ್ಯ ಕುಟುಂಬವೊಂದು ತನ್ನ ತಲೆಯ ಮೇಲಿನ ಬಿಸಿಲನ್ನು ಬಳಸಿಕೊಳ್ಳಲು ಹೊರಟಾಗ ಮೊದಲು ಎದುರಾಗುವುದು ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಉಳಿದಿರುವ ಮನೆ ಮತ್ತು ಮೀಟರು ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಇದೇ ದಾರಿಯಲ್ಲಿ ಹೊರಟವರಿಗೆ ಗೊಂದಲ ಕಡಿಮೆಯಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮನೆಯಲ್ಲಿ ಅವ್ವ, ನಾನು, ನನ್ನ ಯಜಮಾನರು ಮತ್ತು ಇಬ್ಬರು ಮಕ್ಕಳು ಇದ್ದೇವೆ. ಬೋರ್‌ವೆಲ್ಲಿನ ಮೋಟಾರು, ಫ್ರಿಜ್, ಕೂಲರ್ ಎಲ್ಲ ಸೇರಿ ತಿಂಗಳಿಗೆ ಸರಾಸರಿ 300 ಯೂನಿಟ್ ಖರ್ಚಾಗುತ್ತಿತ್ತು. 2025-26ನೇ ಸಾಲಿಗೆ ಗೃಹಬಳಕೆಯ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು 36 ಪೈಸೆ, ಶೇಕಡಾ 9ರ ವಿದ್ಯುತ್ ತೆರಿಗೆ, ಜೊತೆಗೆ ಮಂಜೂರಾದ ಪ್ರತಿ ಕಿಲೋವ್ಯಾಟ್ ಲೋಡಿಗೆ 145 ರೂಪಾಯಿ ನಿಗದಿತ ಶುಲ್ಕವಿತ್ತು. ನಮ್ಮ ಲೋಡು 2 ಕಿಲೋವ್ಯಾಟ್ ಆಗಿದ್ದುದರಿಂದ ಬಿಲ್ಲು ಹೆಚ್ಚುಕಡಿಮೆ 2,300 ರೂಪಾಯಿಗೆ ಬಂದು ನಿಲ್ಲುತ್ತಿತ್ತು.

ಇಲ್ಲಿ ಗೃಹಜ್ಯೋತಿಯ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಸಾಮಾನ್ಯವಾಗಿ ಮನೆಯ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಮೀರದಂತೆ ಒಂದು ಮಿತಿ ಹಾಕಲಾಗಿದೆ. ಆ ಮಿತಿಯೊಳಗೆ ಇದ್ದವರಿಗೆ ಬಿಲ್ಲೇ ಇಲ್ಲ. 200 ಯೂನಿಟ್ ದಾಟಿದ ತಿಂಗಳು ಮಾತ್ರ ಪೂರ್ತಿ ಹಣ ಕಟ್ಟಬೇಕು. ನಮ್ಮ ಓಣಿಯಲ್ಲಿ ಬಹಳ ಮನೆಗಳು ಆ ಮಿತಿಯೊಳಗೇ ಇವೆ. ಅಂಥವರು ಲಕ್ಷಕ್ಕೂ ಮಿಕ್ಕಿ ಹಣ ಹಾಕಿ ಮಾಳಿಗೆಯ ಮೇಲೆ ಸೌರ ಫಲಕ ಏಕೆ ಕೂಡಿಸಬೇಕು? ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ, ಕೂಡಿಸಿರಿ ಎಂದು ಯಾರಿಗೂ ಹೇಳಲೂ ಇಲ್ಲ. ರಾಜ್ಯ ಸರ್ಕಾರ ಬಿಲ್ಲನ್ನು ಮನ್ನಾ ಮಾಡುತ್ತದೆ, ಕೇಂದ್ರ ಸರ್ಕಾರ ಬಿಲ್ಲಿನ ಹಣ ಉಳಿಸಿಕೊಳ್ಳಲೆಂದು ಫಲಕಕ್ಕೆ ಸಹಾಯಧನ ಕೊಡುತ್ತದೆ. ಎರಡೂ ಒಳ್ಳೆಯ ಉದ್ದೇಶದವೇ ಇರಬಹುದು, ಆದರೆ ಒಂದರಿಂದ ಇನ್ನೊಂದರ ಆಕರ್ಷಣೆ ಕುಗ್ಗುತ್ತದೆ. ತಿಂಗಳಿಗೆ 200 ಯೂನಿಟ್ ಎಂದೂ ದಾಟದ ಮನೆಯವರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ನಾನು ಅರ್ಜಿ ಹಾಕಲು ಹೊರಟದ್ದು 2024ರ ಫೆಬ್ರುವರಿಯಲ್ಲಿ ಘೋಷಣೆಯಾದ ಪಿಎಂ ಸೂರ್ಯಘರ್ ಯೋಜನೆಗೆ. ದೇಶದ ಒಂದು ಕೋಟಿ ಮನೆಗಳಿಗೆ ಚಾವಣಿ ಸೌರ ವಿದ್ಯುತ್ ಕೊಡುವ ಗುರಿಯಿಟ್ಟುಕೊಂಡು 75,021 ಕೋಟಿ ರೂಪಾಯಿ ತೆಗೆದಿಟ್ಟ ಯೋಜನೆ ಇದು. ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಹೀಗೆ ಗರಿಷ್ಠ 78,000 ರೂಪಾಯಿ ಸಹಾಯಧನ. ಅದಕ್ಕಿಂತ ದೊಡ್ಡ ಘಟಕ ಹಾಕಿಸಿದರೂ ಸಹಾಯಧನ ಹೆಚ್ಚುವುದಿಲ್ಲ. ಈ ಅಂಕೆಗಳು ಎಲ್ಲ ಜಾಹೀರಾತುಗಳಲ್ಲಿಯೂ ಇರುತ್ತವೆ. ಜಾಹೀರಾತಿನಲ್ಲಿ ಕಣ್ಣಿಗೆ ಬೀಳದ ಸಂಗತಿಯೆಂದರೆ, ಅರ್ಜಿ ಹಾಕುವವರು, ಮೀಟರ್ ಯಾರ ಹೆಸರಿನಲ್ಲಿದೆಯೋ ಅವರು, ಸಹಾಯಧನ ಜಮೆಯಾಗುವ ಖಾತೆಯವರು ಈ ಮೂವರೂ ಒಬ್ಬರೇ ಆಗಿರಬೇಕು ಎಂಬುದು.

ನಮ್ಮ ಮೀಟರ್ ಅಜ್ಜನ ಹೆಸರಿನಲ್ಲಿತ್ತು. ಅಜ್ಜ ತೀರಿಕೊಂಡು ಐವತ್ತು ವರ್ಷದ ಮೇಲಾಗಿದೆ. ಜನ ಇಂದಿಗೂ ಕೆಇಬಿ ಎಂದೇ ಕರೆಯುವ ವಿದ್ಯುತ್ ಕಚೇರಿಗೆ ಅಪ್ಪ ಕಡೆಯವರೆಗೂ ಅಜ್ಜನ ಹೆಸರಿನಲ್ಲಿಯೇ ಬಿಲ್ಲು ಕಟ್ಟಿದರು. ಹಣ ಸರಿಯಾಗಿ ಬರುತ್ತಿರುವಾಗ ಹೆಸರು ಕೇಳುವವರು ಯಾರು? ಸಿಟಿ ಸರ್ವೆಯ ಉತಾರ ಅಪ್ಪನ ಹೆಸರಿನಲ್ಲಿತ್ತು. ಅಪ್ಪನೂ ಹೋದ ಮೇಲೆ ವಾರಸಾ ಹಚ್ಚಿಸುವ, ಅಂದರೆ ಉತಾರದಲ್ಲಿ ವಾರಸುದಾರರ ಹೆಸರು ಏರಿಸುವ ಕೆಲಸವನ್ನು ನಾವು ಮೂವರು ಮಕ್ಕಳೂ "ಮಾಡೋಣಂತ" ಎನ್ನುತ್ತ ಮುಂದೂಡಿಕೊಂಡು ಬಂದಿದ್ದೆವು. ಹೀಗಾಗಿ ಸೂರ್ಯನ ಕಡೆಗೆ ಹೋಗುವ ನಮ್ಮ ದಾರಿ ಮೊದಲು ನಗರಸಭೆಯ ಜನನ-ಮರಣ ವಿಭಾಗಕ್ಕೆ ಹೋಯಿತು.

ಅಪ್ಪನ ಮರಣ ಪ್ರಮಾಣಪತ್ರ ಮನೆಯಲ್ಲಿಯೇ ಇತ್ತು. ಅಜ್ಜನದು ಸಿಗಬೇಕಾದರೆ ಹಳೆಯ ಕೈಬರಹದ ದಾಖಲೆ ಪುಸ್ತಕದಲ್ಲಿ ಹುಡುಕಬೇಕು, ಹುಡುಕಬೇಕಾದರೆ ವರ್ಷ ಗೊತ್ತಿರಬೇಕು. ಅವ್ವನನ್ನು ಕೇಳಿದರೆ, "ದೊಡ್ಡ ಬರಾ ಬಿತ್ತಲ್ಲ, ಅದರ ಮರುವರ್ಷ ಸುಗ್ಗಿ ಮುಗದಿತ್ತು" ಎಂದಳು. 1972ರ ಬರವನ್ನು ಹಿಡಿದು ಎಣಿಸಿ 1973 ಎಂದು ಅರ್ಜಿಯಲ್ಲಿ ಬರೆದೆ. ದಾಖಲೆ ಸಿಕ್ಕಿತು, ಆದರೆ ಅದರಲ್ಲಿ ಅಜ್ಜನ ಹೆಸರಿನ ಮುಂದೆ ಅಡ್ಡಹೆಸರು ಇರಲಿಲ್ಲ, ಬಿಲ್ಲಿನಲ್ಲಿ ಇತ್ತು. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ ಕೊಡಬೇಕಾಯಿತು. ನಿಮ್ಮ ಮನೆಯಲ್ಲಿ ಹಳೆಯ ವಿದ್ಯುತ್ ಬಿಲ್ಲು, ಠೇವಣಿ ಕಟ್ಟಿದ ರಸೀದಿ, ವಾಟಣಿ (ಪಾಲು) ಪತ್ರ ಏನೇ ಇದ್ದರೂ ಮೊದಲು ಹರಡಿಕೊಂಡು, ಒಬ್ಬೊಬ್ಬರ ಹೆಸರು ಎಲ್ಲೆಲ್ಲಿ ಹೇಗೆ ಹೇಗೆ ಬರೆದಿದೆ ಎಂದು ಹೋಲಿಸಿ ನೋಡಿರಿ. ಕನ್ನಡದಲ್ಲಿ ಸರಿಯಿದ್ದ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಹೋದಾಗ ಒಂದು ಕಡೆ ಒಂದು ಅಕ್ಷರ ಹೆಚ್ಚು, ಇನ್ನೊಂದು ಕಡೆ ಒಂದು ಕಡಿಮೆ ಆಗಿರುತ್ತದೆ. ಮುಂದೆ ಗಣಕಯಂತ್ರ ಆ ಒಂದು ಅಕ್ಷರಕ್ಕೇ ತಡೆ ಹಾಕುತ್ತದೆ.

ನನಗೆ ನಿಜವಾಗಿಯೂ ಭಾರವೆನಿಸಿದ ಭಾಗ ಒಪ್ಪಿಗೆ ಪತ್ರದ್ದು. ವಂಶಾವಳಿಯಲ್ಲಿ ಅವ್ವ, ಹಾವೇರಿಯಲ್ಲಿರುವ ಅಕ್ಕ, ನಾನು, ಹುಬ್ಬಳ್ಳಿಯಲ್ಲಿರುವ ತಮ್ಮ ಹೀಗೆ ನಾಲ್ವರು ವಾರಸುದಾರರು. ಮೀಟರನ್ನು ಒಬ್ಬರ ಹೆಸರಿಗೆ ಮಾಡಬೇಕಾದರೆ ಉಳಿದವರೆಲ್ಲ ತಕರಾರಿಲ್ಲವೆಂದು ಬರೆದುಕೊಡಬೇಕು. ಮನೆಯಲ್ಲಿ ಇರುವವಳು ನಾನು, ಹಣ ಹಾಕುವವಳೂ ನಾನೇ, ಆದ್ದರಿಂದ ನನ್ನ ಹೆಸರಿಗೇ ಆಗಲಿ ಎಂದು ಫೋನಿನಲ್ಲಿ ಹೇಳಿದೆ. ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಇದರಿಂದ ಮನಿ ನಿನ್ನ ಹೆಸರಿಗೆ ಆಗೂದಿಲ್ಲಲ್ಲ?" ಎಂದ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹೆಣ್ಣುಮಗಳು ತವರುಮನೆಯಲ್ಲಿ ನಿಂತು ಕಾಗದಕ್ಕೆ ಸಹಿ ಕೇಳಿದರೆ ನಮ್ಮ ಕಡೆ ಯಾರಿಗೂ ಆ ಯೋಚನೆ ಬಂದೇ ಬರುತ್ತದೆ. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಅಕ್ಕನೇ ದಾರಿ ತೆಗೆದಳು: ಉತಾರದಲ್ಲಿ ನಾಲ್ವರ ಹೆಸರೂ ಹತ್ತಲಿ, ಮೀಟರ್ ಅವ್ವನ ಹೆಸರಿಗೆ ಆಗಲಿ. ಅವ್ವನ ಹೆಸರೆಂದ ಕೂಡಲೇ ಯಾರ ತಕರಾರೂ ಉಳಿಯಲಿಲ್ಲ. ಹಂಚಿಕೆಯಾಗದ ಮನೆಯಿದ್ದವರಿಗೆ ನಾನು ಹೇಳುವುದೂ ಇದನ್ನೇ. ತಂದೆಯೋ ತಾಯಿಯೋ ಒಬ್ಬರು ಇದ್ದರೆ ಅವರ ಹೆಸರಿಗೇ ಮಾಡಿಸಿರಿ. ಮೀಟರಿನ ಹೆಸರಿನಿಂದ ಆಸ್ತಿಯ ಹಕ್ಕು ಬದಲಾಗುವುದಿಲ್ಲ ಎಂಬುದನ್ನು ಒಪ್ಪಿಗೆ ಪತ್ರದಲ್ಲಿಯೇ ಒಂದು ಸಾಲು ಬರೆಯಿಸಿದರೆ ಮನಸ್ಸುಗಳೂ ನಿರಾಳವಾಗುತ್ತವೆ.

ವಾರಸಾ ಅರ್ಜಿ ಹಾಕಿ, ತಕರಾರು ಸಲ್ಲಿಸುವವರಿಗಾಗಿ ಇರುವ ನೋಟಿಸಿನ ಅವಧಿ ಕಳೆಯುವವರೆಗೂ ಕಾದು, ಹೊಸ ಉತಾರ ಕೈಗೆ ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿತ್ತು. ಆಮೇಲೆ ಮೀಟರಿನ ಹೆಸರು ಬದಲಾವಣೆಗೆ ಎರಡು ಮರಣ ಪ್ರಮಾಣಪತ್ರ, ವಂಶಾವಳಿ, ಉತಾರ, ಒಪ್ಪಿಗೆ ಪತ್ರಗಳು, ಬಾಂಡ್ ಪೇಪರಿನ ಮೇಲಿನ ಮುಚ್ಚಳಿಕೆ, ಬಾಕಿ ಇಲ್ಲದ ಬಿಲ್ಲು ಎಲ್ಲವನ್ನೂ ಲಗತ್ತಿಸಿ ಕೊಟ್ಟೆ. ಹೆಸರು ಬದಲಾದ ಮೊದಲ ಬಿಲ್ಲು ಬಂದಾಗ ಅವ್ವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಆಕೆಯ ಹೆಸರಿನಲ್ಲಿ ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ ಬಿಟ್ಟರೆ ಬೇರೆ ಯಾವ ಕಾಗದವೂ ಈ ಮನೆಗೆ ಬಂದಿರಲಿಲ್ಲ.

ಯೋಜನೆಯ ಪೋರ್ಟಲಿನಲ್ಲಿ ಅರ್ಜಿ ಹಾಕುವುದು ಇದರ ಮುಂದೆ ಏನೂ ಅಲ್ಲ. ರಾಜ್ಯ, ವಿತರಣಾ ಕಂಪನಿ, ಬಿಲ್ಲಿನ ಮೇಲಿನ ಗ್ರಾಹಕ ಸಂಖ್ಯೆ, ಮೊಬೈಲ್ ಸಂಖ್ಯೆ ಹಾಕಿದರೆ ಮುಗಿಯಿತು. ಆದರೆ ಎರಡು ಸಂಗತಿ ಗಮನಿಸಿರಿ. ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಮತ್ತು ಅಕೌಂಟ್ ಐಡಿ ಎಂದು ಎರಡು ಬೇರೆ ಸಂಖ್ಯೆಗಳಿರುತ್ತವೆ, ಕೇಳಿದ್ದು ಯಾವುದು ಎಂದು ನೋಡಿಯೇ ತುಂಬಬೇಕು. ಹಾಗೆಯೇ ಅವ್ವನ ಆಧಾರ್‌ಗೆ ಜೋಡಣೆಯಾಗಿದ್ದುದು ಎಂದೋ ಬಂದಾದ ಮೊಬೈಲ್ ಸಂಖ್ಯೆ, ಒಟಿಪಿ ಯಾರಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ಅದನ್ನು ಸರಿಪಡಿಸುವ ಕೆಲಸವನ್ನು ಮೊದಲೇ ಮುಗಿಸಿಟ್ಟುಕೊಳ್ಳಿರಿ. 10 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಒಪ್ಪಿಗೆ ಸಿಕ್ಕಿತೆಂದು ಭಾವಿಸಬೇಕೆಂಬ ನಿಯಮ 2024ರಲ್ಲಿ ಬಂದಿರುವುದರಿಂದ ನಮ್ಮ ಅರ್ಜಿ ಆ ಹಂತದಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ಘಟಕದ ಸಾಮರ್ಥ್ಯಕ್ಕೆ ತಕ್ಕಂತೆ ಮಂಜೂರಾದ ಲೋಡು 2ರಿಂದ 3 ಕಿಲೋವ್ಯಾಟ್‌ಗೆ ಏರಿತು. ಅದರೊಂದಿಗೆ ನಿಗದಿತ ಶುಲ್ಕವೂ ತಿಂಗಳಿಗೆ 290ರಿಂದ 435 ರೂಪಾಯಿಗೆ ಏರುತ್ತದೆ ಎಂಬುದನ್ನು ನಮಗೆ ಮಾರಲು ಬಂದವರು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಾರುವವರ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಒಬ್ಬರು, ಗದಗಿನ ಒಬ್ಬರು ಬಂದು ಮಾಳಿಗೆ ಅಳತೆ ಮಾಡಿಕೊಂಡು ಹೋದರು, ಇನ್ನೊಬ್ಬರು ಫೋನಿನಲ್ಲಿಯೇ ದರ ಹೇಳಿದರು. ಫೋನಿನವರ ದರ 1,70,000 ರೂಪಾಯಿ, ಉಳಿದವರದು 2,00,000 ದಾಟಿತ್ತು. "ಅಕ್ಕಾರ, ಸಬ್ಸಿಡಿ ನಾವು ನೋಡಕೋತೀವಿ, ನೀವು ಅಡ್ವಾನ್ಸ್ ಹಾಕ್ರಿ" ಎಂಬುದು ಫೋನಿನವರ ಮಾತು. ಫಲಕಗಳು ಡಿಸಿಆರ್ ಹೌದೋ ಅಲ್ಲವೋ ಎಂದು ಕೇಳಿದ ಮೇಲೆ ಅವರ ಫೋನು ಬರಲಿಲ್ಲ. ಸಹಾಯಧನ ಬೇಕಿದ್ದರೆ ಫಲಕವಷ್ಟೇ ಅಲ್ಲ, ಅದರೊಳಗಿನ ಸೌರಕೋಶವೂ ಭಾರತದಲ್ಲಿಯೇ ತಯಾರಾಗಿರಬೇಕು, ಅದಕ್ಕೇ ಡಿಸಿಆರ್ ಎನ್ನುವುದು. ಹೊರದೇಶದ ಕೋಶ ತರಿಸಿ ಇಲ್ಲಿ ಜೋಡಿಸಿದ ಫಲಕಗಳು ಅಗ್ಗ, ಚೆನ್ನಾಗಿಯೂ ಕೆಲಸ ಮಾಡುತ್ತವೆ, ಆದರೆ ಅವಕ್ಕೆ 78,000 ರೂಪಾಯಿ ಬರುವುದಿಲ್ಲ. ಪ್ರತಿ ಫಲಕದ ಕ್ರಮಸಂಖ್ಯೆ ಪೋರ್ಟಲಿಗೆ ಏರಬೇಕಾಗಿರುವುದರಿಂದ ಮುಚ್ಚಿಡಲೂ ಆಗದು. ದರಪಟ್ಟಿಯಲ್ಲಿಯೇ "ಡಿಸಿಆರ್" ಎಂದು ಬರೆಯಿಸಿಕೊಂಡು ಸಹಿ ಹಾಕಿಸಿಕೊಳ್ಳಿರಿ.

ಕಾಗದಪತ್ರ ತಡವಾದದ್ದರಿಂದ ಒಂದು ಲಾಭವೂ ಆಯಿತು. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಗದಗಿನವರು 2,05,000 ಎಂದು ಹೇಳಿದ್ದ ದರ 1,96,000 ರೂಪಾಯಿಗೆ ಬಂತು. ಇದರಲ್ಲಿ ಎತ್ತರದ ಕಬ್ಬಿಣದ ಚೌಕಟ್ಟಿನ ಖರ್ಚೂ ಸೇರಿದೆ. 5 ವರ್ಷದ ನಿರ್ವಹಣೆ ಮಾರಾಟಗಾರರದೇ ಹೊಣೆ ಎಂಬುದು ಯೋಜನೆಯ ನಿಯಮ, ಅದಕ್ಕೆ ಬೇರೆ ಹಣ ಕೇಳಿದರೆ ಕೊಡಬೇಡಿರಿ.

ಸಹಾಯಧನ ಬರುವುದು ಎಲ್ಲ ಮುಗಿದ ಮೇಲೆ, ಆದ್ದರಿಂದ ಮೊದಲು ಪೂರ್ತಿ ಹಣ ನಮ್ಮ ಕೈಯಿಂದಲೇ ಹೋಗಬೇಕು. 3 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ 2 ಲಕ್ಷದವರೆಗೆ ಅಡಮಾನವಿಲ್ಲದ ಸಾಲ ಶೇಕಡಾ 6ರ ಆಸುಪಾಸಿನ ಬಡ್ಡಿಗೆ ಬ್ಯಾಂಕುಗಳಲ್ಲಿ ಸಿಗುತ್ತದೆ, ಜನಸಮರ್ಥ ಪೋರ್ಟಲಿನ ಮೂಲಕ ಅರ್ಜಿ ಹಾಕಬಹುದು. ನಮ್ಮ ತೊಡಕೆಂದರೆ ಮೀಟರ್ ಅವ್ವನ ಹೆಸರಿಗೆ ಹೋದದ್ದು. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷದ ಸಾಲ ಕೊಡಲು ಬ್ಯಾಂಕಿನವರು ಹಿಂದೆಮುಂದೆ ನೋಡಿದರು. ನನ್ನನ್ನು ಜೊತೆಗೆ ಸೇರಿಸಿಕೊಳ್ಳುವ ಮಾತು ನಡೆಯಿತಾದರೂ ಅದು ತೀರ್ಮಾನವಾಗುವ ಲಕ್ಷಣ ಕಾಣಲಿಲ್ಲ. ಕೊನೆಗೆ ಉಳಿತಾಯದ ಹಣಕ್ಕೆ ನೌಕರರ ಪತ್ತಿನ ಸಂಘದಿಂದ ಒಂದಷ್ಟು ಸಾಲ ತೆಗೆದು ಸೇರಿಸಿದೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಕಟ್ಟಿದ ತಾಲೂಕು ನಮ್ಮದು. ಕೇಂದ್ರದ ಯೋಜನೆ ಬಾಗಿಲಿಗೆ ಬಂದು ನಿಂತಾಗಲೂ ಹಣ ಹುಟ್ಟಿದ್ದು ಸಂಘದಲ್ಲಿಯೇ. ಬಡ್ಡಿ ಮಾತ್ರ ಬ್ಯಾಂಕಿಗಿಂತ ಹೆಚ್ಚು.

ನವೆಂಬರಿನಲ್ಲಿ ಸಾಮಾನು ಬರಬೇಕಿತ್ತು, ಬರಲಿಲ್ಲ. ಡಿಸಿಆರ್ ಫಲಕಗಳಿಗೆ ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ ಎಂಬ ಉತ್ತರವೇ ಪ್ರತಿ ಸಲ. ಮುಂಗಡ ಕೊಟ್ಟು ಕೂತವರಿಗೆ ಆಗುವ ಕಳವಳ ಹೇಳಿ ತೀರದು. ನಾನು ಪಾವತಿಯನ್ನು ಮೂರು ಕಂತಾಗಿ, ಮುಂಗಡ ಸ್ವಲ್ಪವೇ, ಸಾಮಾನು ಮನೆಗೆ ಇಳಿದಾಗ ಹೆಚ್ಚು ಪಾಲು, ಮೀಟರ್ ಕೂತ ಮೇಲೆ ಉಳಿದದ್ದು ಎಂದು ಬರೆದುಕೊಂಡಿದ್ದರಿಂದ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ನಮ್ಮ ಮನೆಯ ಮುಂಭಾಗ ಆರ್‌ಸಿಸಿ, ಹಿಂಭಾಗ ತೊಲೆ-ಜಂತಿಯ ಮಣ್ಣಿನ ಮಾಳಿಗೆ. ಮಣ್ಣಿನ ಮಾಳಿಗೆಯ ಮೇಲೆ ಚೌಕಟ್ಟು ನಿಲ್ಲಿಸುವಂತಿಲ್ಲ. ಒಂದೊಂದು ಫಲಕವೇ 25 ಕಿಲೋಗಿಂತ ಹೆಚ್ಚು ತೂಗುತ್ತದೆ, ಮೇಲಾಗಿ ಆಷಾಢದ ಗಾಳಿ ಅದನ್ನು ಕೆಳಗಿನಿಂದ ಎತ್ತಲು ನೋಡುತ್ತದೆ. ಊರಿನಲ್ಲಿ ಎಷ್ಟೋ ಹಳೆಯ ಮನೆಗಳು ಈ ಒಂದೇ ಕಾರಣಕ್ಕೆ ಯೋಜನೆಯ ಹೊರಗುಳಿಯುತ್ತವೆ. 3 ಕಿಲೋವ್ಯಾಟ್‌ಗೆ ಸುಮಾರು 300 ಚದರ ಅಡಿ ಜಾಗ ಬೇಕು, ಅಷ್ಟು ಮುಂಭಾಗದಲ್ಲಿ ಸಿಕ್ಕಿತು. ಫಲಕಗಳ ಕೆಳಗೆ ತಿರುಗಾಡಲು ಬರುವಂತೆ ಎತ್ತರಿಸಿ ಹಾಕುತ್ತೇವೆ, ನೀವು ಸಂಡಿಗೆ-ಹಪ್ಪಳ ಅಲ್ಲಿಯೇ ಹಾಕಿಕೊಳ್ಳಬಹುದು ಎಂದು ಮಾರಾಟಗಾರರು ಅವ್ವನಿಗೆ ಸಮಾಧಾನ ಹೇಳಿದಾಗ ಆಕೆ, "ನೆಳ್ಳಾಗ ಬ್ಯಾಡಗಿ ಮೆಣಸಿನಕಾಯಿ ಒಣಗತಾವೇನೋ ತಮ್ಮಾ?" ಎಂದು ಕೇಳಿದಳು. ಒಣಗಿಸುವ ಕೆಲಸವೆಲ್ಲ ಈಗ ಹಿಂದಿನ ಮಾಳಿಗೆಗೆ ಹೋಗಿದೆ.

ಪಕ್ಕದ ಮನೆಯ ಬೇವಿನ ಮರದ ನೆರಳು ಮಧ್ಯಾಹ್ನ ಮೂರರ ಮೇಲೆ ಎರಡು ಫಲಕಗಳ ಮೇಲೆ ಬೀಳುತ್ತಿತ್ತು. ಫಲಕಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಪಕ್ಕದ ಕಾಕು ಹಣ್ಣು-ಕಾಯಿ ಬಿಡದ ಗಿಡವೆಂದರೂ ಪ್ರಾಣ ಬಿಡುವವರು. "ಗಿಡಕ್ಕ ಕೊಡ್ಲಿ ಹಾಕಬ್ಯಾಡ್ರಿ, ಬೇಕಾರ ಒಂದು ಟೊಂಗಿ ತಗಸ್ರಿ" ಎಂದು ಒಪ್ಪಿದರು. ಮರ ಕಡಿಸಿ ಹಸಿರು ವಿದ್ಯುತ್ ಪಡೆಯುವ ಇಷ್ಟ ನನಗೂ ಇರಲಿಲ್ಲ. ಫಲಕಗಳ ಸಾಲನ್ನು ಸ್ವಲ್ಪ ಪೂರ್ವಕ್ಕೆ ಸರಿಸಿ, ಒಂದು ಟೊಂಗೆ ಸವರಿಸಿ ಹೊಂದಿಸಿಕೊಂಡೆವು. ಗದಗ 15 ಡಿಗ್ರಿ ಉತ್ತರ ಅಕ್ಷಾಂಶದ ಆಚೀಚೆ ಇರುವುದರಿಂದ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಕೋನದಲ್ಲಿ ವಾಲಿಸುತ್ತಾರೆ. ಎಸಿ, ಡಿಸಿ, ಸಿಡಿಲು ನಿರೋಧಕ ಹೀಗೆ ಮೂರಕ್ಕೆ ಮೂರು ಬೇರೆ ಅರ್ಥಿಂಗ್ ಗುಂಡಿ ತೋಡಬೇಕು. ಅಂಗಳದ ಶಹಾಬಾದ್ ಕಲ್ಲು ಎಬ್ಬಿಸುವುದು ನಿಮ್ಮದೇ ಖರ್ಚು ಎಂಬುದನ್ನು ಮೊದಲೇ ಕೇಳಿಕೊಳ್ಳಿರಿ. ಎಲ್ಲ ಮುಗಿದ ಮೇಲೆ ಫಲಾನುಭವಿ ಫಲಕಗಳ ಪಕ್ಕದಲ್ಲಿ ನಿಂತ ಫೋಟೊ ಪೋರ್ಟಲಿಗೆ ಏರಿಸಬೇಕೆಂದು ಹೇಳಿದಾಗ ಮೊಣಕಾಲು ನೋವಿನ ಅವ್ವ ಇಳಕಲ್ ಸೀರೆ ಉಟ್ಟು, ನನ್ನ ಭುಜ ಹಿಡಿದು ಕಡಿದಾದ ಮೆಟ್ಟಿಲು ಹತ್ತಿದಳು.

ಡಿಸೆಂಬರಿನಲ್ಲಿ ಫಲಕಗಳು ಕೂತವು, ಆದರೆ ಒಂದು ಯೂನಿಟ್ಟೂ ಹುಟ್ಟಲಿಲ್ಲ. ಒಳಗೆ ಬಂದ, ಹೊರಗೆ ಹೋದ ವಿದ್ಯುತ್ ಎರಡನ್ನೂ ಎಣಿಸುವ ನೆಟ್ ಮೀಟರ್ ಇಲ್ಲದೆ ಘಟಕವನ್ನು ಚಾಲು ಮಾಡುವಂತಿಲ್ಲ. 25 ವರ್ಷದ ಒಪ್ಪಂದಕ್ಕೆ ಬಾಂಡ್ ಪೇಪರಿನ ಮೇಲೆ ಅವ್ವನ ಸಹಿ, ಆ ಮೀಟರಿನ ಖರೀದಿ, ಪ್ರಯೋಗಾಲಯದಲ್ಲಿ ಅದರ ಪರೀಕ್ಷೆ, ಸ್ಥಳ ತಪಾಸಣೆ, ಕೊನೆಗೆ ಮೀಟರ್ ಜೋಡಣೆ ಇವೆಲ್ಲ ಒಂದರ ಹಿಂದೆ ಒಂದು ಆಗಬೇಕು. ಮೀಟರು, ಪರೀಕ್ಷೆ, ಬಾಂಡು, ನೋಟರಿ ಎಲ್ಲ ಸೇರಿ ದರಪಟ್ಟಿಯ ಹೊರಗೆ 9,000 ರೂಪಾಯಿಯಷ್ಟು ಹೋಯಿತು. ತಲೆಯ ಮೇಲೆ ಆರು ಫಲಕಗಳು ಬಿಸಿಲು ಕಾಯಿಸುತ್ತ ಕೂತಿರುವಾಗ ಹಳೆಯ ಮೀಟರಿನ ಬಿಲ್ಲು ಕಟ್ಟುವುದು ಬಹಳ ಕಿರಿಕಿರಿಯ ಸಂಗತಿ. ಸಂಕ್ರಾಂತಿ ಕಳೆದ ಮೇಲೆ ಮೀಟರ್ ಬಂತು, ಫಲಕದ ಡಿಸಿ ವಿದ್ಯುತ್ತನ್ನು ಮನೆಬಳಕೆಯ ಎಸಿಗೆ ಬದಲಿಸುವ ಇನ್ವರ್ಟರಿನ ಹಸಿರು ದೀಪ ಹತ್ತಿತು, ಮಕ್ಕಳು ಮೊಬೈಲಿನಲ್ಲಿ ಕ್ಷಣಕ್ಷಣದ ಉತ್ಪಾದನೆ ನೋಡುತ್ತ ಶಾಲೆಗೆ ತಡ ಮಾಡಿಕೊಂಡರು.

ಆ ವಾರದಲ್ಲಿಯೇ ಒಂದು ಮಧ್ಯಾಹ್ನ ಲೈನು ಹೋಯಿತು, ನಮ್ಮ ಮನೆಯ ಫ್ಯಾನೂ ನಿಂತಿತು. ಅವ್ವ ಅಂಗಳಕ್ಕೆ ಬಂದು ಮೇಲೆ ನೋಡಿ, "ಬಿಸಲು ಇಷ್ಟ ರಣರಣ ಅನ್ನಾಕತ್ತೈತಿ, ಕರೆಂಟ್ ಯಾಕ ಹೋತು?" ಎಂದಳು. ಎರಡು ಲಕ್ಷ ಹಾಕಿದವರೆಲ್ಲ ಕೇಳುವ ಪ್ರಶ್ನೆ ಇದು. ಹೊರಗಿನ ಲೈನಿನಲ್ಲಿ ವಿದ್ಯುತ್ ಇಲ್ಲದಾಗ ನಮ್ಮ ಇನ್ವರ್ಟರೂ ತಾನಾಗಿಯೇ ನಿಲ್ಲುವಂತೆ ಮಾಡಿರುತ್ತಾರೆ. ನಿಲ್ಲದಿದ್ದರೆ ನಮ್ಮ ಮಾಳಿಗೆಯ ವಿದ್ಯುತ್ ತಂತಿಗೆ ಹರಿದು, ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ನ ಜೀವಕ್ಕೇ ಅಪಾಯ. ಲೈನು ಹೋದಾಗಲೂ ವಿದ್ಯುತ್ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು, ಬ್ಯಾಟರಿಯ ಖರ್ಚಿಗೆ ಸಹಾಯಧನವಿಲ್ಲ. ಲೈನು ಮೇಲಿಂದ ಮೇಲೆ ಹೋಗುವ ಹಳ್ಳಿಗಳಲ್ಲಿ ಇದರಿಂದ ಎರಡು ನಷ್ಟ: ಮನೆಗೆ ಕತ್ತಲೆ ತಪ್ಪುವುದಿಲ್ಲ, ಆ ಹೊತ್ತಿನ ಉತ್ಪಾದನೆಯೂ ಸುಮ್ಮನೆ ಹೋಗುತ್ತದೆ. ಹೀಗಾಗಿ ಚಾವಣಿ ಸೌರ ವಿದ್ಯುತ್ತಿನ ಯಶಸ್ಸು ಓಣಿಯ ಟ್ರಾನ್ಸ್‌ಫಾರ್ಮರು ಮತ್ತು ತಂತಿ ಎಷ್ಟು ಗಟ್ಟಿಯಾಗಿವೆ ಎಂಬುದರ ಮೇಲೆಯೇ ನಿಂತಿದೆ.

ಮೊದಲ ಬಿಲ್ಲಿನಲ್ಲಿ ನಾವು ಹೊರಗೆ ಕಳಿಸಿದ ಯೂನಿಟ್‌ಗಳ ಅಂಕೆಯೇ ಇರಲಿಲ್ಲ, ತೆಗೆದುಕೊಂಡದ್ದಕ್ಕೆಲ್ಲ ಪೂರ್ತಿ ದರ ಬಿದ್ದಿತ್ತು. ಮೀಟರ್ ಕೂರಿಸಿದ ದಿನವೇ ಎರಡೂ ಅಂಕೆಗಳ ಫೋಟೊ ತೆಗೆದಿಟ್ಟುಕೊಂಡಿದ್ದೆ. ಅದನ್ನು ತೋರಿಸಿ ಅರ್ಜಿ ಕೊಟ್ಟ ಮೇಲೆ ಮುಂದಿನ ಬಿಲ್ಲಿನಲ್ಲಿ ಸರಿಹೋಯಿತು. ತಿಂಗಳ ಕೊನೆಯ ದಿನ ಮೀಟರಿನ ಫೋಟೊ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಿರಿ.

ಈಗ ಲೆಕ್ಕ. 3 ಕಿಲೋವ್ಯಾಟ್ ಘಟಕ ಚೆನ್ನಾದ ಬಿಸಿಲಿನಲ್ಲಿ ದಿನಕ್ಕೆ 12 ಯೂನಿಟ್ ಆಸುಪಾಸು ಕೊಡುತ್ತದೆ, ಮೋಡದ ದಿನಗಳನ್ನು ಹಿಡಿದರೂ ನಮ್ಮ 300 ಯೂನಿಟ್ ಬಳಕೆಗೆ ಸರಿಹೊಂದುತ್ತದೆ. ಹಗಲು ನಮ್ಮದು ಹೊರಗೆ ಹೋಗಿ ರಾತ್ರಿ ಹೊರಗಿನದು ಒಳಗೆ ಬರುವುದರಿಂದ ಎರಡನ್ನೂ ಕಳೆದು ಉಳಿದದ್ದಕ್ಕೆ ಮಾತ್ರ ಬಿಲ್ಲು. ಹೆಚ್ಚುವರಿ ಉಳಿದರೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ, ಆದ್ದರಿಂದ ಮಾರಿ ಗಳಿಸುವ ಆಸೆಯಿಂದ ದೊಡ್ಡ ಘಟಕ ಹಾಕಿಸುವುದು ಬುದ್ಧಿವಂತಿಕೆಯಲ್ಲ. ತಿಂಗಳಿಗೆ 220-240 ಯೂನಿಟ್ ಸುಡುವ ಮನೆಗೆ 2 ಕಿಲೋವ್ಯಾಟೇ ಸಾಕು. ನಾನು ಹಾಕಿದ ಒಟ್ಟು ಹಣ 2,05,000, ಸಹಾಯಧನ ಕಳೆದರೆ 1,27,000 ರೂಪಾಯಿ. ಬಿಲ್ಲು 2,300ರಿಂದ ನಿಗದಿತ ಶುಲ್ಕದ 435 ರೂಪಾಯಿಗೆ ಇಳಿದರೆ ವರ್ಷಕ್ಕೆ 22,000 ರೂಪಾಯಿಯ ಮೇಲೆ ಉಳಿತಾಯ. ಮಾರಾಟಗಾರರು ನಾಲ್ಕು ವರ್ಷದಲ್ಲಿ ಹಣ ವಾಪಸ್ಸು ಎನ್ನುತ್ತಾರೆ, ನನ್ನ ಲೆಕ್ಕಕ್ಕೆ ಆರು ವರ್ಷದ ಹತ್ತಿರ ಬರುತ್ತದೆ, ಸಂಘದ ಬಡ್ಡಿ ಸೇರಿಸಿದರೆ ಇನ್ನೂ ಸ್ವಲ್ಪ ಮುಂದೆ. "ಬಿಲ್ಲು ಸೊನ್ನೆ" ಎಂಬ ಮಾತನ್ನು ಮಾತ್ರ ನಂಬಬೇಡಿರಿ, ನಿಗದಿತ ಶುಲ್ಕ ಇದ್ದೇ ಇರುತ್ತದೆ.

ಘಟಕ ಚಾಲು ಆದ ವರದಿ ಪೋರ್ಟಲಿಗೆ ಏರಿದ ಮೇಲೆ ಸಹಾಯಧನಕ್ಕೆ ನಾವೇ ಬೇಡಿಕೆ ಸಲ್ಲಿಸಬೇಕು, ತಾನಾಗಿ ಬರುವುದಿಲ್ಲ. ಅವ್ವನ ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಬಿಲ್ಲಿನಲ್ಲಿ ಬರೀ ಮೊದಲಕ್ಷರ ಇತ್ತು. ಅದಕ್ಕಾಗಿ ಮತ್ತೊಮ್ಮೆ ತಡೆ, ಮತ್ತೊಂದು ತಿದ್ದುಪಡಿ. ಫೆಬ್ರುವರಿ ಕೊನೆಗೆ 78,000 ರೂಪಾಯಿ ಜಮೆಯಾಯಿತು.

ನಿರ್ವಹಣೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಎರೆಮಣ್ಣಿನ ಧೂಳು ಬಹಳ. ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿಯೇ ಒರೆಸಬೇಕು, ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಬೋರ್‌ವೆಲ್ ನೀರಿನಿಂದ ತೊಳೆದರೆ ಬಿಳಿ ಉಪ್ಪಿನ ಕಲೆ ಕೂರುತ್ತದೆ, ತುಂಗಭದ್ರೆಯ ನಳದ ನೀರು ದಿನಾಲೂ ಬರುವಂಥದ್ದಲ್ಲ. ಮಳೆನೀರು ಹಿಡಿದಿಟ್ಟುಕೊಂಡವರಿಗೆ ಅನುಕೂಲ. ಆಷಾಢದಲ್ಲಿ ಉತ್ಪಾದನೆ ಇಳಿಯುವುದು ಸಹಜ. ಆ ತಿಂಗಳುಗಳಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು ಹೆಚ್ಚು ತಿರುಗುತ್ತವೆ, ಒಂದು ಕುಗ್ಗಿದಾಗ ಇನ್ನೊಂದು ಹಿಗ್ಗುವ ಅನುಕೂಲ ಈ ಜಿಲ್ಲೆಗೆ ಇದೆ.

ತಮ್ಮನಿಗೂ ಈಗ ಹಾಕಿಸುವ ಮನಸ್ಸಾಗಿದೆ. ಅವನಿರುವುದು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ, ಮೇಲಿನ ಚಾವಣಿ ಎಲ್ಲರದೂ ಹೌದು, ಯಾರೊಬ್ಬರದೂ ಅಲ್ಲ. ಅಂಥ ಕಡೆ ನಿವಾಸಿಗಳ ಸಂಘ ಲಿಫ್ಟು, ನೀರಿನ ಪಂಪು, ಮೆಟ್ಟಿಲಿನ ದೀಪಗಳಂಥ ಸಾಮೂಹಿಕ ಬಳಕೆಗೆ ಘಟಕ ಹಾಕಿಸಿದರೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಅವರ ಸಂಘದ ಸಭೆ ಬರುವ ತಿಂಗಳು ಇದೆ. ನಮ್ಮ ದರಪಟ್ಟಿ, ಒಪ್ಪಂದದ ಪ್ರತಿ ಮತ್ತು ಎರಡು ಬಿಲ್ಲುಗಳನ್ನು ಅವನಿಗೆ ಕಳಿಸಿದ್ದೇನೆ. ಮನೆಮನೆಯ ಒಪ್ಪಿಗೆ ಪತ್ರ ಈಗಿನಿಂದಲೇ ಬರೆಯಿಸಲು ಹೇಳಿದ್ದೇನೆ.